ಗುರುತಿಲ್ಲದ ನೀರಿಗೆ ಗಾಳ

ಗಾಳ ಹಾಕುವವರಲ್ಲಿ ಹೆಚ್ಚಿನವರಿಗೆ ಒಂದು ಖಾಯಂ ಜಾಗವಿರುತ್ತದೆ. ಯಾವ ಬಂಡೆಯ ಪಕ್ಕದಲ್ಲಿ ಯಾವ ಹೊತ್ತಿಗೆ ಯಾವ ಮೀನು ಕಚ್ಚುತ್ತದೆ ಎಂಬುದು ಅವರಿಗೆ ಬಾಯಿಪಾಠ. ಬುಟ್ಟಿ ತುಂಬಬೇಕೆನ್ನುವವರಿಗೆ ಅದೇ ಸರಿಯಾದ ದಾರಿ. ನನಗಾದರೋ, ಎಂದೂ ಕಾಲಿಡದ ದಂಡೆಯ ಮೇಲೆ ನಿಂತು, ಆಳವೆಷ್ಟು, ತಳದಲ್ಲಿ ಏನಿದೆ, ಒಳಗೆ ಯಾವ ಜೀವ ಓಡಾಡುತ್ತಿದೆ ಎಂಬುದೊಂದೂ ತಿಳಿಯದೆ ನೀರನ್ನು ನೋಡುವ ಹೊತ್ತೇ ಈ ಹವ್ಯಾಸದ ಅತಿ ರುಚಿಕರವಾದ ಭಾಗ. ಆದ್ದರಿಂದಲೇ ಹೊರಡುವ ಮುನ್ನ ಉಪಗ್ರಹ ಚಿತ್ರದಲ್ಲಿ ದಾರಿ, ತಿರುವು, ಕವಲುಗಳನ್ನು ನೋಡಿಕೊಳ್ಳುತ್ತೇನೆಯೇ ಹೊರತು ಮೀನು ಎಲ್ಲಿ ಸಿಗುತ್ತದೆ ಎಂದು ಯಾರನ್ನೂ ಕೇಳುವುದಿಲ್ಲ. ಅನುಮತಿ ಬೇಕೇ, ಮೊಟ್ಟೆಯಿಡುವ ಕಾಲದ ನಿಷೇಧವಿದೆಯೇ ಎಂಬುದನ್ನು ಮಾತ್ರ ತಪ್ಪದೆ ವಿಚಾರಿಸುತ್ತೇನೆ. ಅದರಲ್ಲಿ ಸಾಹಸವೇನೂ ಇಲ್ಲ.

ತಲುಪಿದೊಡನೆ ಗಾಳ ಎಸೆಯುವ ಆತುರವನ್ನು ತಡೆದುಕೊಂಡರೆ ಹರಿಯುವ ನೀರನ್ನು ಬಹುಮಟ್ಟಿಗೆ ಕಣ್ಣಿನಿಂದಲೇ ಅಳೆಯಬಹುದು. ಹೊಳೆ ತಿರುಗುವಲ್ಲಿ ಹೊರಬದಿಯ ಸೆಳವು ದಂಡೆಯನ್ನು ಕೊರೆದು ಮಡು ಮಾಡಿರುತ್ತದೆ, ಒಳಬದಿಯಲ್ಲಿ ಮರಳು ನಿಂತು ನೀರು ತೆಳುವಾಗಿರುತ್ತದೆ. ದೊಡ್ಡ ಬಂಡೆಯ ಹಿಂದೆ ನೀರು ಹಿಮ್ಮುಖವಾಗಿ ಸುತ್ತುವ ಕಡೆ ಮೀನು ಹೆಚ್ಚು ಈಜುವ ಶ್ರಮವಿಲ್ಲದೆ ನಿಂತು, ಪಕ್ಕದ ರಭಸದಲ್ಲಿ ತೇಲಿ ಬರುವ ಆಹಾರವನ್ನು ಹಿಡಿಯಬಲ್ಲದು. ಹಾಗಾಗಿ ವೇಗದ ನೀರೂ ನಿಧಾನದ ನೀರೂ ಕೂಡುವ ಗೆರೆಯೇ ನನ್ನ ಮೊದಲ ಗುರಿ.

ನಿಂತ ನೀರು ಇಷ್ಟು ಸುಲಭವಾಗಿ ಗುಟ್ಟು ಬಿಡುವುದಿಲ್ಲ. ಅಲ್ಲಿ ನಾನು ನೆಚ್ಚುವುದು ಸೀಸದ ಗುಂಡನ್ನು. ದಾರದ ತುದಿಗೆ ಬರೀ ಗುಂಡು ಕಟ್ಟಿ ಎಸೆದು, ಅದು ನೀರಿಗೆ ಬಿದ್ದಾಗಿನಿಂದ ದಾರ ಸಡಿಲವಾಗುವವರೆಗೆ ಎಣಿಸಿದರೆ ಆಳದ ಅಂದಾಜು ಸಿಗುತ್ತದೆ. ಬಳಿಕ ದಾರವನ್ನು ತೋರುಬೆರಳಿನ ಮೇಲಿಟ್ಟುಕೊಂಡು ಕೋಲನ್ನು ನಿಧಾನವಾಗಿ ಪಕ್ಕಕ್ಕೆ ಎಳೆದರೆ ತಳದ ಗುಣವೂ ತಿಳಿಯುತ್ತದೆ. ಕಲ್ಲುಹರಳುಗಳ ಮೇಲೆ ಗುಂಡು ಟಕಟಕನೆ ಬಡಿಯುತ್ತದೆ, ಮರಳಿನಲ್ಲಿ ನಯವಾಗಿ ಜಾರುತ್ತದೆ, ಕೆಸರಿನಲ್ಲಿ ಹೂತು ಭಾರವಾಗುತ್ತದೆ, ಜಲಸಸ್ಯಗಳಲ್ಲಿ ಸಿಕ್ಕಿ ಥಟ್ಟನೆ ಬಿಡಿಸಿಕೊಳ್ಳುತ್ತದೆ. ಒಂದು ಬಗೆಯ ತಳ ಮುಗಿದು ಇನ್ನೊಂದು ಶುರುವಾಗುವ ಅಂಚು ಸಿಕ್ಕಿತೆಂದರೆ ಮೊದಲ ಎರೆಹುಳು ಅಲ್ಲಿಗೇ ಹೋಗುತ್ತದೆ. ಸೋನಾರ್ ಯಂತ್ರ ಇದೆಲ್ಲವನ್ನೂ ಕ್ಷಣದಲ್ಲಿ ಪರದೆಯ ಮೇಲೆ ತೋರಿಸುತ್ತದೆ ನಿಜ, ಆದರೆ ಉತ್ತರ ನೋಡಿಕೊಂಡು ಒಗಟು ಬಿಡಿಸುವುದರಲ್ಲಿ ನನಗೆ ಆಸಕ್ತಿಯಿಲ್ಲ.

ಆಳವಿದ್ದಲ್ಲೆಲ್ಲ ಮೀನಿರುತ್ತದೆ ಎಂದೇನೂ ಇಲ್ಲ. ನೀರು ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಅತಿ ಸಾಂದ್ರವಾಗಿದ್ದು, ಅದಕ್ಕಿಂತ ಬಿಸಿಯಾದಂತೆಲ್ಲ ಹಗುರವಾಗುವುದರಿಂದ, ಬೇಸಗೆಯಲ್ಲಿ ಆಳದ ಸರೋವರಗಳ ನೀರು ಬೆಚ್ಚನೆಯ ಮತ್ತು ತಣ್ಣನೆಯ ಪದರಗಳಾಗಿ ಬೇರ್ಪಡುತ್ತದೆ. ಕೊಳೆಯುವ ವಸ್ತುಗಳು ತಳದ ಆಮ್ಲಜನಕವನ್ನು ತಿಂದುಹಾಕಿದರೆ, ಗಾಳಿಯ ಸಂಪರ್ಕವಿಲ್ಲದ ಆ ಪದರಕ್ಕೆ ಹೊಸದಾಗಿ ಬಂದು ಸೇರುವುದು ಬಹಳ ಕಡಿಮೆ. ಅಂಥ ದಿನಗಳಲ್ಲಿ ತಳಕ್ಕೆ ಗಾಳ ಇಳಿಬಿಟ್ಟು ಕಾಯುವುದಕ್ಕಿಂತ ಗಾಳವನ್ನು ಬೇಕಾದ ಆಳದಲ್ಲಿ ತೂಗಿಸುವ ತೇಲುಬೆಂಡನ್ನು ದಾರದ ಮೇಲೆ ಸರಿಸುತ್ತಾ ಮೇಲಿನಿಂದ ಒಂದೊಂದೇ ಮಟ್ಟವನ್ನು ಹುಡುಕುವುದು ಲೇಸು.

ನಾವು ನೀರನ್ನು ಓದುವಂತೆ ಮೀನೂ ನಮ್ಮನ್ನು ಗಮನಿಸುತ್ತಿರುತ್ತದೆ. ಬೆಳಕಿನ ವಕ್ರೀಭವನದಿಂದಾಗಿ ಹೊರಲೋಕವೆಲ್ಲ ಅದಕ್ಕೆ ತಲೆಯ ಮೇಲಿನ ಸುಮಾರು 97 ಡಿಗ್ರಿಯ ಕಿಂಡಿಯೊಂದರೊಳಗೆ ಅಡಕವಾಗಿ ಕಾಣುತ್ತದೆ. ದಂಡೆಯಲ್ಲಿ ಎತ್ತರಕ್ಕೆ ನಿಂತಷ್ಟೂ ನಾವು ಅದರಲ್ಲಿ ಸ್ಪಷ್ಟವಾಗುತ್ತೇವೆ. ಕುಕ್ಕರುಗಾಲಲ್ಲಿ ಕುಳಿತು ಎಸೆಯುವುದು ಮೊಣಕಾಲಿಗೆ ಕಷ್ಟವಾದರೂ ಫಲ ಕೊಡುತ್ತದೆ.

ಗುರುತಿಲ್ಲದ ಹೊಳೆಯಲ್ಲಿ ನಾನು ನಿಜವಾಗಿ ಹೆದರುವುದು ಮೇಲ್ಗಡೆಯ ಅಣೆಕಟ್ಟಿಗೆ. ಮಳೆಯ ಸುಳಿವೇ ಇಲ್ಲದ ದಿನವೂ ಬಾಗಿಲು ತೆರೆದರೆ ನೀರು ಏಕಾಏಕಿ ಏರುತ್ತದೆ. ನೀರು ಬಣ್ಣ ತಿರುಗಿದರೆ, ಎಲೆಕಡ್ಡಿಗಳು ಗುಂಪಾಗಿ ತೇಲಿ ಬಂದರೆ, ಹರಿವಿನ ಸದ್ದು ಬದಲಾದರೆ ಕಚ್ಚಿದ ಮೀನನ್ನೂ ಬಿಟ್ಟು ದಂಡೆ ಹತ್ತಬೇಕು. ನಡುನೀರಿನ ಬಂಡೆಯ ಮೇಲೆ ಕೂರುವ ಆಸೆಯನ್ನು ನಾನು ಈ ಕಾರಣಕ್ಕಾಗಿಯೇ ಕೈಬಿಟ್ಟಿದ್ದೇನೆ. ಇನ್ನು ಒಂದು ನೀರಿನಿಂದ ಮತ್ತೊಂದಕ್ಕೆ ಹೋಗುವ ಮುನ್ನ ಬೂಟು, ಬಲೆಗಳನ್ನು ತೊಳೆದು ಪೂರ್ತಿ ಒಣಗಿಸುತ್ತೇನೆ, ಏಕೆಂದರೆ ಅವುಗಳಿಗೆ ಅಂಟಿದ ಕಳೆಯ ತುಂಡಾಗಲಿ ಬಸವನಹುಳುವಿನ ಮೊಟ್ಟೆಯಾಗಲಿ ಹೊಸ ಜಾಗದಲ್ಲಿ ಬೇರೂರಿದರೆ ಅಲ್ಲಿನ ಮೀನುಗಳ ನೆಲೆಯೇ ಕೆಡಬಹುದು.