ಮಗುವಿನ ದೀಕ್ಷಾಸ್ನಾನ: ನೀರು, ಮಾತು, ರಿಜಿಸ್ಟರ್

ಕಥೋಲಿಕ ಸಭೆಯಲ್ಲಿ ದೀಕ್ಷಾಸ್ನಾನ (ಬ್ಯಾಪ್ಟಿಸಂ) ಆಗದೆ ಪರಮಪ್ರಸಾದ (ಕಮ್ಯೂನಿಯನ್) ಇಲ್ಲ, ದೃಢೀಕರಣ (ಕನ್ಫರ್ಮೇಶನ್) ಇಲ್ಲ, ಉಳಿದ ಯಾವ ಸಂಸ್ಕಾರವೂ ಸಿಂಧುವಲ್ಲ. ಅದನ್ನು ಎರಡನೇ ಸಲ ಕೊಡುವ ಪದ್ಧತಿಯೂ ಇಲ್ಲ. ಪ್ರೊಟೆಸ್ಟೆಂಟ್ ಪಂಗಡವಾದ ಸಿಎಸ್‌ಐ (ಚರ್ಚ್ ಆಫ್ ಸೌತ್ ಇಂಡಿಯಾ) ಸಭೆಯಲ್ಲಿ ವಿಧಿವತ್ತಾಗಿ ಪಡೆದವರು ಮುಂದೆ ಕಥೋಲಿಕರಾದರೂ ಮತ್ತೆ ನೀರು ಹೊಯ್ಯುವುದಿಲ್ಲ. ಆದ್ದರಿಂದ ಮೊದಲ ಸಲವೇ ಸರಿಯಾಗಿ ನಡೆಯಬೇಕು.

ನೀರು ತಲೆಯ ಮೇಲೆ ಹರಿಯಬೇಕು, ಚರ್ಮಕ್ಕೆ ತಾಗಬೇಕು. ಒದ್ದೆ ಬೆರಳಲ್ಲಿ ಹಣೆ ಮುಟ್ಟಿದರೆ ಸಾಲದು. ಕೂದಲು ದಟ್ಟವಾಗಿದ್ದರೆ ಹಣೆಯ ಮೇಲೇ ಹೊಯ್ಯುವುದು ಒಳ್ಳೆಯದು. ಮೂರು ಸಲ ಹೊಯ್ಯುತ್ತಲೇ ಮಗುವಿನ ಹೆಸರು ಹಿಡಿದು, "ಪಿತನ, ಸುತನ, ಪವಿತ್ರಾತ್ಮರ ನಾಮದಲ್ಲಿ ನಾನು ನಿನಗೆ ದೀಕ್ಷಾಸ್ನಾನ ಕೊಡುತ್ತೇನೆ" ಎನ್ನಬೇಕು. ಒಬ್ಬರು ಹೊಯ್ದು ಇನ್ನೊಬ್ಬರು ಹೇಳುವಂತಿಲ್ಲ. "ನಾವು ಕೊಡುತ್ತೇವೆ" ಎಂದರೂ ಸಿಂಧುವಲ್ಲ ಎಂದು ವ್ಯಾಟಿಕನ್ 2020ರ ಆಗಸ್ಟ್‌ನಲ್ಲಿ ಸ್ಪಷ್ಟಪಡಿಸಿತು: ಗುರುಗಳ (ಪಾದ್ರಿಗಳ) ಕೈಯಿಂದ ಸ್ನಾನ ಕೊಡುವವನು ಕ್ರಿಸ್ತನೇ, ನೆರೆದ ಜನರಲ್ಲ. ಅಮೆರಿಕದ ಅರಿಜೋನಾದಲ್ಲಿ ಗುರುಗಳೊಬ್ಬರು ವರ್ಷಗಟ್ಟಲೆ ಹೀಗೆ ಹೇಳಿದ್ದರಿಂದ, ಅವರಿಂದ ಸ್ನಾನ ಪಡೆದವರನ್ನೆಲ್ಲ ಹುಡುಕಿ ಕರೆಯಬೇಕಾಯಿತು.

ಎಳೆಗೂಸಿನ ಪ್ರಾಣಕ್ಕೆ ಅಪಾಯವಿದ್ದರೆ ಗುರುಗಳಿಗಾಗಿ ಕಾಯಬೇಡಿ. ದೀಕ್ಷಾಸ್ನಾನದಲ್ಲಿ ಕ್ರೈಸ್ತ ಸಭೆಯ ಉದ್ದೇಶ ಏನೋ ಅದನ್ನೇ ನೆರವೇರಿಸುವ ಮನಸ್ಸಿದ್ದರೆ ನರ್ಸ್ ಕೂಡ ಕೊಡಬಹುದು; ಆಕೆ ಕ್ರೈಸ್ತಳೇ ಆಗಿರಬೇಕೆಂದಿಲ್ಲ. ಒಂದು ಚಮಚ ಶುದ್ಧ ನೀರು, ಅದೇ ಮಾತು, ಅಷ್ಟೇ. ಮಗು ಚೇತರಿಸಿಕೊಂಡ ಮೇಲೆ ತೈಲ ಹಚ್ಚುವುದು, ಬಿಳಿ ಬಟ್ಟೆ, ಪಾಸ್ಖ (ಈಸ್ಟರ್) ಮೇಣದಬತ್ತಿಯಿಂದ ಹಚ್ಚಿದ ದೀಪ, ಇವನ್ನು ಚರ್ಚಿನಲ್ಲಿ ಪೂರೈಸುತ್ತಾರೆ. ನೀರನ್ನು ಮತ್ತೆ ಹೊಯ್ಯುವುದಿಲ್ಲ. ಧರ್ಮಕೇಂದ್ರಕ್ಕೆ (ತಮ್ಮ ಪ್ರದೇಶದ ಚರ್ಚಿಗೆ) ತಿಳಿಸಿ ದಾಖಲು ಮಾಡಿಸುವುದನ್ನೇ ಮನೆಯವರು ಮರೆಯುವುದು.

ಮಗುವಿನ ನಂಬಿಕೆಯ ಹೊಣೆ ಹೊರುವ ಜ್ಞಾನ ತಂದೆ-ತಾಯಿ (ಗಾಡ್‌ಪೇರೆಂಟ್ಸ್) ಇಬ್ಬರೂ ಬೇಕೆಂಬ ಕಡ್ಡಾಯವಿಲ್ಲ, ಒಬ್ಬರು ಸಾಕು. ಸಾಮಾನ್ಯವಾಗಿ 16 ತುಂಬಿರಬೇಕು, ಪರಮಪ್ರಸಾದ ಮತ್ತು ದೃಢೀಕರಣ ಆಗಿರಬೇಕು, ಮಗುವಿನ ಹೆತ್ತವರಾಗಿರಬಾರದು. ಪ್ರೊಟೆಸ್ಟೆಂಟ್ ಸಭೆಯ ಕ್ರೈಸ್ತರು ಕಥೋಲಿಕರೊಬ್ಬರ ಜೊತೆಗೆ ಸಾಕ್ಷಿಯಾಗಿ ಮಾತ್ರ ನಿಲ್ಲಬಹುದು. ಚಿನ್ನದ ಸರ ಹಾಕುವ ದುಬೈ ಮಾವನಿಗಿಂತ, ಭಾನುವಾರ ಮಗುವನ್ನು ಪೂಜೆಗೆ ಕರೆದೊಯ್ಯುವ ಪಕ್ಕದ ಬೀದಿಯ ಅತ್ತೆ ವಾಸಿ.

ರಿಜಿಸ್ಟರಿನಲ್ಲಿ ಹೆಸರಿನ ಅಕ್ಷರಗಳು ಜನನ ಪ್ರಮಾಣಪತ್ರದಂತೆಯೇ ಇವೆಯೇ ಎಂದು ಅಂದೇ ನೋಡಿಕೊಳ್ಳಿ. ಮುಂದೆ ದೃಢೀಕರಣ, ಮದುವೆ ಎಲ್ಲವನ್ನೂ ಅದೇ ದಾಖಲೆಗೆ ಸೇರಿಸುತ್ತಾರೆ. ಹುಡುಗನಿಗೆ ಈಗಾಗಲೇ ಮದುವೆಯಾಗಿದೆಯೇ ಎಂಬುದು ತಿಳಿಯುವುದೂ ಅಲ್ಲಿಯೇ. ಅದಕ್ಕೇ ಮದುವೆ ಹೊತ್ತಿಗೆ ಲ್ಯಾಮಿನೇಟ್ ಮಾಡಿಟ್ಟ ಹಳೆಯ ಪ್ರತಿ ನಡೆಯುವುದಿಲ್ಲ. ಸ್ನಾನವಾದ ಧರ್ಮಕೇಂದ್ರದಿಂದಲೇ, ಸಾಮಾನ್ಯವಾಗಿ 6 ತಿಂಗಳೊಳಗಿನ ಹೊಸ ಪ್ರತಿ ತರಿಸಬೇಕು.