ಹಾಡಿದವರ ಹೆಸರು ಹುಡುಕುತ್ತ: ಕ್ಯಾಸೆಟ್ ಕೆಲಸ ಎಲ್ಲಿಗೆ ಬಂತು

ಹಳೆಯ ಕ್ಯಾಸೆಟ್ಟುಗಳ ಹಾಡನ್ನು ಮತ್ತೆ ಹೊರತರುವ ನಮ್ಮ ಲೇಬಲ್ಲಿನ ಮೊದಲ ತತ್ವಪದ ಸಂಪುಟ ಅರ್ಧ ತಯಾರಾಗಿದೆ. ಹಾಡುಗಳೆಲ್ಲ ಕಂಪ್ಯೂಟರಿಗೆ ಇಳಿದಾಗಿದೆ. ಉಳಿದರ್ಧ ನಿಂತಿರುವುದು ಹೆಸರುಗಳಿಗಾಗಿ. ಹಾರ್ಮೋನಿಯಂ ಯಾರದು, ದಮ್ಮಡಿ ಎಂಬ ಚರ್ಮವಾದ್ಯ ಯಾರ ಕೈಯಲ್ಲಿತ್ತು, ಹಿಂದೆ ಸೊಲ್ಲು (ಪಲ್ಲವಿ) ಹಿಡಿದವರು ಯಾರ್ಯಾರು ಎಂಬುದು ತಿಳಿಯುವವರೆಗೆ ಯಾವ ಪದವನ್ನೂ ಹೊರಬಿಡಬಾರದೆಂದು ಗೆಳೆಯರೆಲ್ಲ ಕೂತು ಗಟ್ಟಿ ಮಾಡಿಕೊಂಡಿದ್ದೇವೆ.

ತತ್ವಪದಕಾರರಾದ ಕಡಕೋಳ ಮಡಿವಾಳಪ್ಪ, ಚೆನ್ನೂರ ಜಲಾಲ ಸಾಹೇಬ, ಖೈನೂರ ಕೃಷ್ಣಪ್ಪ ಇವರ ಪದಗಳನ್ನು ಕಲಬುರಗಿ, ಯಾದಗಿರಿ ಕಡೆಯ ಹಳ್ಳಿಗಳಲ್ಲಿ ಇಂದಿಗೂ ಅಮಾವಾಸ್ಯೆ ಭಜನೆಗೆ ಹಾಡುತ್ತಾರೆ. ಪದ ಯಾವ ಗುರುವಿನ ಮನೆಯದೆಂದು ಕಡೆಯ ನುಡಿಯ ಅಂಕಿತವೇ ಹೇಳುತ್ತದೆ. ಅಷ್ಟು ತಲೆಮಾರು ಬಾಯಿಂದ ಬಾಯಿಗೆ ಬಂದರೂ ಆ ಗುರುತು ಅಳಿಸಿಲ್ಲ. ಆದರೆ ಮೊನ್ನೆ ಮೊನ್ನೆ, ನಮ್ಮ ಕಣ್ಣೆದುರಿನ ಕಾಲದಲ್ಲಿ ಹಾಡಿದವರ ಹೆಸರು ಎಲ್ಲೂ ಇಲ್ಲ. ಮನೆಯಲ್ಲಿ ತುಂಬಿಕೊಂಡ ಕ್ಯಾಸೆಟ್ಟಾದರೆ ಬಾಲ್ ಪೆನ್ನಿನಲ್ಲಿ ಊರಿನ ಹೆಸರು, ‘ಭಜನಿ’ ಅಂತ ಒಂದು ಮಾತು. ಅಂಗಡಿಯಲ್ಲಿ ಮಾರಿದ್ದಾದರೆ ದೇವರ ಚಿತ್ರ, ಅಂಗಡಿಯ ಹೆಸರು, ಬೆಲೆ. ಇದು ನನಗೆ ಸಹಿಸಲಾಗದ ಅನ್ಯಾಯ ಅನಿಸುತ್ತದೆ.

ಇದಕ್ಕೆ ದಾರಿ ತೋರಿಸಿದ್ದು ಶಿಕಾಗೋದ ನ್ಯೂಮೆರೋ ಗ್ರೂಪ್. 2003ರಲ್ಲಿ ಶುರುವಾದ ಆ ಲೇಬಲ್ಲು 2004ರಲ್ಲಿ ತಂದ ಮೊದಲ ಸಂಗ್ರಹ ಒಹಾಯೋದ ಕೊಲಂಬಸ್ ಊರಿನ ಕ್ಯಾಪ್‌ಸೋಲ್ ಎಂಬ ಪುಟ್ಟ ಕಂಪನಿಯದು. 1970ರ ದಶಕದಲ್ಲಿ ನಡೆದು ಮುಚ್ಚಿಹೋದದ್ದು, ಸೋಲ್ ಎಂಬ ಕಪ್ಪು ಅಮೆರಿಕನ್ನರ ಸಂಗೀತ ಹಾಡುತ್ತಿದ್ದ ಅದರ ಗಾಯಕರ ಹೆಸರನ್ನು ಜನ ಮರೆತೂ ಬಿಟ್ಟಿದ್ದರು. ಹಾಡಿನ ಜೊತೆಗೆ ಹಾಡಿದವರ ಕತೆಯನ್ನೂ ಬರೆದು ಕೊಡುವ ಅವರ ಪದ್ಧತಿಯನ್ನೇ ನಾವು ಇಲ್ಲಿಗೆ ತಂದುಕೊಂಡಿದ್ದೇವೆ.

ಈಗ ಕ್ಯಾಸೆಟ್ಟಿನ ವಿಷಯ. ಬಂದವುಗಳಲ್ಲಿ ಬಹಳಷ್ಟರದು ಒಂದೇ ಕಾಯಿಲೆ: ಟೇಪನ್ನು ಅದರ ಸದ್ದು ಓದುವ ಹೆಡ್ಡಿಗೆ ಒತ್ತಿ ಹಿಡಿಯುವ ಪುಟ್ಟ ಬಟ್ಟೆಯ ತುಂಡು ಅಂಟು ಬಿಟ್ಟು ಉದುರಿರುತ್ತದೆ. ಸ್ಕ್ರೂ ಇದ್ದರೆ ಬಿಚ್ಚಿ, ಟೇಪಿನ ಎರಡೂ ಸುರುಳಿಗಳನ್ನು ಹೊಸ ಡಬ್ಬಿಗೆ ಕೂರಿಸುತ್ತೇವೆ. ಅಂಟಿಸಿ ಮುಚ್ಚಿದ ಡಬ್ಬಿಯಾದರೆ ಅಂಚಿನಲ್ಲಿ ಬ್ಲೇಡು ಹಾಕಿ ನಿಧಾನಕ್ಕೆ ಬಿಡಿಸಬೇಕು. ಆಮೇಲೆ ಕ್ಯಾಸೆಟ್ ಓಡಿಸುವ ಡೆಕ್ಕಿನಲ್ಲಿ ಹೆಡ್ಡಿನ ಪಕ್ಕದ ಸ್ಕ್ರೂ ತಿರುಗಿಸುತ್ತ ಹೆಡ್ಡಿನ ಓರೆ ಸರಿಮಾಡುವುದು. ಇದಕ್ಕೆ ನಾವು ನಂಬುವುದು ತಾಳದ ಸದ್ದನ್ನು. ಮಂಕಾಗಿದ್ದ ತಾಳ ಒಂದು ಕಡೆ ಥಟ್ಟನೆ ಚುರುಕಾಗಿ ಕೇಳುತ್ತದೆ, ಅಲ್ಲಿಗೆ ನಿಲ್ಲಿಸಬೇಕು. ಪ್ರತಿ ಕ್ಯಾಸೆಟ್ಟಿಗೂ ಇದನ್ನು ಮತ್ತೆ ಮಾಡಬೇಕು, ಯಾಕೆಂದರೆ ತುಂಬಿದ ಟೇಪ್‌ರೆಕಾರ್ಡರು ಬೇರೆ ಬೇರೆ. ಕಂಪ್ಯೂಟರಿಗೆ ಇಳಿಸುವುದು 96 ಕಿಲೋಹರ್ಟ್ಸ್, 24 ಬಿಟ್ ಎಂಬ ಹೆಚ್ಚಿನ ನಿಖರತೆಯಲ್ಲಿ.

ಜೇವರ್ಗಿ ಕಡೆಯ ಒಂದು ಮಠದ ಭಜನೆಯ ಟೇಪು ನಮ್ಮನ್ನು ಬಹಳ ಕಾಡಿತು. ಸೆಲ್ ಹಾಕಿ ರಾತ್ರಿಯಿಡೀ ತುಂಬಿದ್ದು. ಹೊತ್ತು ಸರಿದಂತೆ ಹಾಡಿನ ಓಟ ಜೋರಾಗುತ್ತ, ಸ್ವರ ಏರುತ್ತ ಹೋಗುತ್ತದೆ. ಭಜನೆಯಲ್ಲಿ ಲಯ ಏರುವುದು ಸಹಜ, ಆದರೆ ಇಲ್ಲಿ ಹಾರ್ಮೋನಿಯಮ್ಮಿನ ಸ್ವರವೂ ಏರಿತ್ತು. ಅದರ ರೀಡು ರಾತ್ರಿ ಕಳೆಯುವುದರೊಳಗೆ ಅಷ್ಟು ಮೇಲೇರುವುದಿಲ್ಲ. ಅಂದರೆ ಸೆಲ್ ಸೊರಗಿ ಮೋಟರು ನಿಧಾನವಾಗಿದೆ, ಹಾಗೆ ತುಂಬಿದ್ದನ್ನು ಸರಿಯಾದ ವೇಗದಲ್ಲಿ ಓಡಿಸಿದರೆ ಎಲ್ಲವೂ ಓಡೋಡಿ ಕೇಳುತ್ತದೆ. ಮೊದಲ ಪದದ ಷಡ್ಜವನ್ನು, ಅಂದರೆ ಆಧಾರ ಸ್ವರ ‘ಸ’ವನ್ನು ಹಿಡಿದು, ಉಳಿದದ್ದನ್ನೆಲ್ಲ ತುಸುತುಸುವೇ ಅದಕ್ಕೆ ಇಳಿಸಿದೆವು. ಇಳಿಸಿದ ಮೇಲೂ ಕಡೆಯ ಪದದ ಲಯ ಚುರುಕಾಗಿಯೇ ಉಳಿಯಿತು. ಅದು ಮೇಳದವರದೇ ಹುರುಪು, ಅದಕ್ಕೆ ಕೈ ಹಚ್ಚಲಿಲ್ಲ. ಆ ಪದದ ಮೂರನೆಯ ನುಡಿಯಲ್ಲಿ ಹಿಮ್ಮೇಳದ ಒಬ್ಬರು ಸೊಲ್ಲನ್ನು ಎತ್ತರಕ್ಕೆ ಒಯ್ದು ಹಾಗೇ ನಿಲ್ಲಿಸುತ್ತಾರೆ. ಎಷ್ಟು ಸಲ ಕೇಳಿದರೂ ಮೈ ಜುಮ್ಮೆನ್ನುತ್ತದೆ.

ಗೊರಗೊರ ಸದ್ದು ತೆಗೆಯುವ ಸಾಫ್ಟ್‌ವೇರನ್ನು ಬಹಳ ಕಡಿಮೆ ಬಳಸುತ್ತೇವೆ. ಅದು ಸದ್ದಿನ ಜೊತೆ ಏಕತಾರಿಯ ಝೇಂಕಾರವನ್ನೂ ನುಂಗುತ್ತದೆ.

ಹೆಸರು ಸಿಗುವುದು ಹೇಗೆ? ಹಾಡನ್ನು ಮೊಬೈಲಿಗೆ ಹಾಕಿಕೊಂಡು, ಸಣ್ಣ ಸ್ಪೀಕರ್ ಹಿಡಿದು ಭಜನೆ ನಡೆಯುವ ಊರಿಗೆ ಹೋಗಿ ಕೇಳಿಸುವುದೊಂದೇ ದಾರಿ. ಹಿರಿಯರು ದನಿಗಿಂತ ಮೊದಲು ಕೈಯನ್ನು ಗುರುತಿಸುತ್ತಾರೆ. ದಮ್ಮಡಿಯ ಪೆಟ್ಟು ಕೇಳಿಯೇ ಇದು ಇಂಥವರ ಮನೆಯವರದು ಎಂದವರಿದ್ದಾರೆ. ಆ ಮಠದ ಟೇಪಿನಲ್ಲಿ ಮುಂದೆ ನಿಂತು ಹಾಡಿದ ಮುತ್ಯಾ (ಅಜ್ಜ) ಇನ್ನೂ ಇದ್ದಾರೆ. ಸಂಪುಟದ ಮೇಲೆ ನಿಮ್ಮ ಹೆಸರು ದೊಡ್ಡದಾಗಿ ಹಾಕುತ್ತೇವೆ ಅಂದಾಗ ಅವರು ಒಪ್ಪಲಿಲ್ಲ. “ನಾ ಒಬ್ಬಾಂವ ಹಾಡಿಲ್ರಿ ತಮ್ಮಾ. ಹಿಂದ ಸೊಲ್ಲು ಹಿಡಿಯೋರು ಇರಲಿಲ್ಲಂದ್ರ ನನ್ನ ಪದ ಎಲ್ಲಿ ನಿಂದರ್ತಿತ್ತು? ಅವರದೂ ಬರ್ಕೋರಿ,” ಅಂತ ಒಬ್ಬೊಬ್ಬರನ್ನೇ ನೆನಪು ಮಾಡಿ ಹೇಳಿದರು. ದಮ್ಮಡಿಯವರ ಹೆಸರೊಂದು ಅವರಿಗೂ ಹೊಳೆಯಲಿಲ್ಲ. ಅದಕ್ಕಾಗಿ ಬರುವ ಅಮಾವಾಸ್ಯೆಗೆ ಮತ್ತೆ ಹೋಗುತ್ತೇವೆ.

ಹಕ್ಕಿನ ಕಾಗದ ಒಂದೇ ಪುಟದ್ದು, ಕನ್ನಡದಲ್ಲಿದೆ. ಸಹಿಗೆ ಮುಂಚೆ ಎಲ್ಲರ ಎದುರು ಗಟ್ಟಿಯಾಗಿ ಓದಿ ಹೇಳುತ್ತೇವೆ. 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಪ್ರಕಟವಾದ ಧ್ವನಿಮುದ್ರಣದ ಹಕ್ಕು 60 ವರ್ಷ, ಹಾಡಿ ನುಡಿಸಿದವರ ಹಕ್ಕು 50 ವರ್ಷ. 1980ರ ದಶಕದಲ್ಲಿ ಮಾರಾಟವಾದ ಕ್ಯಾಸೆಟ್ಟಿಗೆ ನಾವು ಅಂಗಡಿಯವರನ್ನೂ ಕೇಳುತ್ತೇವೆ, ಮೇಳದವರನ್ನೂ ಕೇಳುತ್ತೇವೆ. ಖರ್ಚು ಕಳೆದು ಉಳಿದದ್ದರಲ್ಲಿ ಅರ್ಧ ಮೇಳಕ್ಕೆ, ಒಳಗೆ ಸಮಪಾಲು. ಮುಂಗಡವನ್ನು ಸಹಿಯ ದಿನವೇ ಕೊಡುತ್ತೇವೆ, ಎಪ್ಪತ್ತು ದಾಟಿದವರಿಗೆ ಮಾರಾಟ ಆಗುವತನಕ ಕಾಯಿರಿ ಅನ್ನುವುದು ಸರಿಯಲ್ಲ.

ಎಲ್‌ಪಿ (ದೊಡ್ಡ ಗ್ರಾಮಫೋನ್ ತಟ್ಟೆ) ತರುವ ಆಸೆ ಇದೆ. ಆದರೆ ಒಂದು ಬದಿಗೆ ಸುಮಾರು 20 ನಿಮಿಷ ಹಿಡಿಯುತ್ತದೆ, ಇಲ್ಲಿ ಒಂದೊಂದು ಪದವೇ ಹತ್ತು ಹನ್ನೆರಡು ನಿಮಿಷ. ನುಡಿ ಕತ್ತರಿಸಿ ತುಂಬಿಸುವುದು ಬೇಡ. ಅದಕ್ಕೇ ಮೊದಲು ಬರುವುದು ಪೆನ್‌ಡ್ರೈವ್ ಮತ್ತು ಪುಸ್ತಿಕೆ. ನಮ್ಮ ಭಾಗದಲ್ಲಿ ಟ್ರಾಕ್ಟರಿನಿಂದ ಹಿಡಿದು ಚಹಾದಂಗಡಿವರೆಗೆ ಹಾಡು ಕೇಳುವುದು ಪೆನ್‌ಡ್ರೈವಿನಲ್ಲೇ.

ಎರಡನೆಯ ಸಂಪುಟಕ್ಕೆ ಸುರಪುರ ಕಡೆಯ ಮೊಹರಂ ಪದಗಳನ್ನು ಕೂಡಿಹಾಕುತ್ತಿದ್ದೇವೆ. ಹಲಗೆ ವಾದ್ಯದ ಬಡಿತಕ್ಕೆ ಮೈಕಿನ ದನಿ ಒಡೆದು ಕೇಳುವ ಟೇಪುಗಳೇ ಹೆಚ್ಚು, ದೂರ ಕೂತು ತುಂಬಿದ್ದು ಯಾರಲ್ಲಾದರೂ ಇದ್ದರೆ ಅದೇ ಬೇಕು. ನಿಮ್ಮ ಮನೆಯ ಅಟ್ಟದಲ್ಲಿ ಭಜನೆ, ಗೀಗೀ ಪದ, ಗಂಡು ಹೆಚ್ಚೋ ಹೆಣ್ಣು ಹೆಚ್ಚೋ ಎಂದು ಹಾಡಿನಲ್ಲೇ ನಡೆಸುವ ಹರದೇಶಿ-ನಾಗೇಶಿ ವಾದದ ಕ್ಯಾಸೆಟ್ಟಿದ್ದರೆ ಹಳೆಯ ಸೆಟ್ಟಿಗೆ ಹಾಕಿ ನೋಡಬೇಡಿ, ಸಿಕ್ಕಿಕೊಂಡರೆ ಟೇಪು ಸುಕ್ಕಾಗುತ್ತದೆ. ಹಾಗೇ ಕೊಡಿ, ಇಳಿಸಿಕೊಂಡು ವಾಪಸ್ ತಂದುಕೊಡುತ್ತೇವೆ. ಜೊತೆಗೆ ಮನೆಯ ಹಿರಿಯರನ್ನು ಕೇಳಿ, ಹಾಡಿದವರ, ಬಾರಿಸಿದವರ ಹೆಸರನ್ನೊಂದು ಚೀಟಿಯಲ್ಲಿ ಬರೆದಿಡಿ.