‘ಇಷ್ಟ ಚಲೋ ಇಟ್ಟ ಗಾಡಿ ಯಾಕ್ರಿ ಮಾರಾಕತ್ತೀರಿ?’

ಹುಬ್ಬಳ್ಳಿ–ಧಾರವಾಡದಲ್ಲಿ ಎರಡು ಬಾಗಿಲಿನ ತಗ್ಗು ಸ್ಪೋರ್ಟ್ಸ್ ಕಾರೊಂದು ಮಾರಾಟಕ್ಕಿದೆ ಎಂದು ಗೊತ್ತಾದ ಕೂಡಲೇ ಫೋನು ಮಾಡಿದವರೆಲ್ಲ ಕೇಳುವ ಮೊದಲ ಮಾತು ಇದು. ಅದರ ಬೆನ್ನಿಗೇ, ‘ಏನರ ಕಂಪ್ಲೇಂಟ್ ಐತೇನು?’ ಮಾರಲು ಹೊರಟವರು ಕೇಳುವುದು ಇದರದೇ ಇನ್ನೊಂದು ಮುಖ: ಇನ್ನೊಂದು ಸ್ಪೋರ್ಟ್ಸ್ ಕಾರು ತರಬೇಕು, ಶೆಡ್ಡಿನಲ್ಲಿ ಜಾಗವಿಲ್ಲ, ಇದನ್ನು ಮೊದಲು ಮಾರಬೇಕೋ, ಹೊಸದು ಬಂದ ಮೇಲೆ ನಿಧಾನಕ್ಕೆ ಮಾರಿದರೂ ನಡೆದೀತೋ? ಎರಡಕ್ಕೂ ನನ್ನ ಉತ್ತರ ಒಂದೇ. ಗಾಡಿ ಚೆನ್ನಾಗಿ ಓಡುತ್ತಿರುವಾಗಲೇ ಮಾರಬೇಕು, ಎರಡನೆಯದು ಗೇಟಿನೊಳಗೆ ಬರುವ ಮೊದಲೇ ಮಾರಬೇಕು. ಇಂಥ ಗಾಡಿಗಳಿಗೆ ಓಡಾಟಕ್ಕಿಂತ ನಿಲುಗಡೆಯೇ ದೊಡ್ಡ ಶತ್ರು. ಓಡಿಸುವವರು ಒಬ್ಬರೇ ಆಗಿ ಗಾಡಿ ಎರಡಾದರೆ, ಹಳೆಯದು ತಾನಾಗಿಯೇ ಮೂಲೆಗೆ ಸರಿಯುತ್ತದೆ.

ಮೂಲೆಗೆ ಸರಿದ ಮೇಲೆ ಏನಾಗುತ್ತದೆ ನೋಡಿ. ಕೀಲಿ ತೆಗೆದ ಮೇಲೂ ಅಲಾರಂ, ಸೆಂಟ್ರಲ್ ಲಾಕ್, ಒಳಗಿನ ಕಂಪ್ಯೂಟರುಗಳು ಇಷ್ಟಿಷ್ಟೇ ಕರೆಂಟು ಎಳೆಯುತ್ತಲೇ ಇರುತ್ತವೆ. ಪೂರ್ತಿ ಚಾರ್ಜಾದ ಬ್ಯಾಟರಿ 12.6 ವೋಲ್ಟ್ ತೋರಿಸುತ್ತದೆ. ಮೂರು–ನಾಲ್ಕು ವಾರ ನಿಂತರೆ 12.2ಕ್ಕೆ, ಅಂದರೆ ಹೆಚ್ಚುಕಡಿಮೆ ಅರ್ಧಕ್ಕೆ, ಇಳಿದಿರಬಹುದು. ಆ ಮಟ್ಟದಲ್ಲೇ ಬಿಟ್ಟರೆ ಪ್ಲೇಟಿನ ಮೇಲೆ ಸಲ್ಫೇಟ್ ಕಟ್ಟಿ ಮತ್ತೆ ಚಾರ್ಜು ಹಿಡಿಯುವ ಶಕ್ತಿಯೇ ಕುಂದುತ್ತದೆ. ಬ್ಯಾಟರಿ ಸೊರಗಿದಾಗ ಡ್ಯಾಶ್‌ಬೋರ್ಡಿನಲ್ಲಿ ಒಂದಕ್ಕೊಂದು ಸಂಬಂಧವಿಲ್ಲದ ನಾಲ್ಕಾರು ವಾರ್ನಿಂಗ್ ಲೈಟು ಒಟ್ಟಿಗೇ ಹತ್ತುವುದುಂಟು. ನೋಡಲು ಬಂದವರ ಎದುರಿಗೆ ಹೀಗಾದರೆ, ಅದು ಬರೀ ಬ್ಯಾಟರಿ ಎಂದು ಎಷ್ಟು ಹೇಳಿದರೂ ಅವರು ನಂಬುವುದಿಲ್ಲ, ನಂಬಬೇಕಾಗಿಯೂ ಇಲ್ಲ.

ಇನ್ನು ಪೆಟ್ರೋಲು. ಈಗ ಬಂಕಿನಲ್ಲಿ ಸಿಗುವುದರಲ್ಲಿ ಶೇ 20ರಷ್ಟು ಎಥೆನಾಲ್ ಇದೆ, ಅದು ಗಾಳಿಯ ತೇವವನ್ನು ಹೀರುತ್ತದೆ. ಅರ್ಧ ಟ್ಯಾಂಕ್ ಪೆಟ್ರೋಲು ಒಂದು ಮಳೆಗಾಲ ಪೂರ್ತಿ ಕೂತರೆ ಸ್ಟಾರ್ಟಿಂಗ್ ಒರಟಾಗುತ್ತದೆ. 2010ರ ಆಸುಪಾಸಿನ ಗಾಡಿಗಳ ರಬ್ಬರ್ ಹೋಸುಗಳು ಇಷ್ಟು ಎಥೆನಾಲನ್ನು ಲೆಕ್ಕಕ್ಕಿಟ್ಟು ಮಾಡಿದವೂ ಅಲ್ಲ. ಹ್ಯಾಂಡ್‌ಬ್ರೇಕ್ ಎಳೆದೇ ತಿಂಗಳುಗಟ್ಟಲೆ ನಿಲ್ಲಿಸಿದರೆ ಪ್ಯಾಡು ಡಿಸ್ಕಿಗೆ ಕಚ್ಚಿಕೊಳ್ಳುತ್ತದೆ. ಹಾಗಾಗಿ ಗೇರಿನಲ್ಲಿಟ್ಟು ಚಕ್ರಕ್ಕೆ ಕಟ್ಟಿಗೆಯ ಅಡ್ಡಿ ಕೊಡುವುದು ಒಳ್ಳೆಯದು. ಜೋಳ, ಶೇಂಗಾ ಚೀಲ ಇಡುವ ಮನೆಯ ಪಕ್ಕದ ಶೆಡ್ಡಾದರೆ ಇಲಿಗಳು ವೈರಿಂಗಿಗೆ ಬಾಯಿ ಹಾಕುವುದು ಖಚಿತ ಎಂದೇ ಇಟ್ಟುಕೊಳ್ಳಿ.

ಛಾವಣಿ ಬಿಚ್ಚುವ ಗಾಡಿಗೆ ಇನ್ನೊಂದು ರೋಗವಿದೆ. ಅದನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಯಾಕೆಂದರೆ ಮಾರಾಟಕ್ಕೆ ಮುಂಚೆ ಹತ್ತು ನಿಮಿಷದಲ್ಲಿ ಪರೀಕ್ಷಿಸಬಹುದಾದದ್ದು ಇದು. ಪೋರ್ಶೆ ಬಾಕ್ಸ್‌ಟರನ್ನೇ ತೆಗೆದುಕೊಳ್ಳಿ. ಛಾವಣಿಯ ಮೇಲೆ ಬಿದ್ದ ನೀರು ಸೀಟಿನ ಹಿಂದೆ ಎರಡೂ ಬದಿಯಲ್ಲಿರುವ ತೂತುಗಳ ಮೂಲಕ ಪೈಪಿನಲ್ಲಿ ಇಳಿದು ಹಿಂದಿನ ಚಕ್ರದ ಮುಂಭಾಗದಲ್ಲಿ ನೆಲಕ್ಕೆ ಬೀಳಬೇಕು. ಧಾರವಾಡದ ಕಾಂಪೌಂಡುಗಳಲ್ಲಿ ಗಾಡಿ ನಿಲ್ಲುವುದು ಹೆಚ್ಚಾಗಿ ಮರದಡಿ. ಗುಲ್‌ಮೊಹರಿನ ಸಣ್ಣ ಎಲೆ ಆ ತೂತಿಗೆ ಹೇಳಿ ಮಾಡಿಸಿದ ಅಳತೆಯದು. ಎಲೆ, ಧೂಳು ಸೇರಿ ಕೆಸರಾಗಿ ಕಟ್ಟಿಕೊಂಡರೆ ನೀರು ಕಾರ್ಪೆಟ್ಟಿನ ಕೆಳಗೆ ಇಳಿಯುತ್ತದೆ. 986, 987 ಎಂಬ ಹಳೆಯ ಬಾಕ್ಸ್‌ಟರ್ ಮಾಡೆಲ್‌ಗಳಲ್ಲಿ ಅಲಾರಂ–ಇಮೊಬಿಲೈಜರ್ (ಸರಿಯಾದ ಕೀಲಿಯಿಲ್ಲದೆ ಸ್ಟಾರ್ಟ್ ಆಗದಂತೆ ತಡೆಯುವ ಸಾಧನ) ಕಂಟ್ರೋಲ್ ಯೂನಿಟ್ ಇರುವುದೇ ಸೀಟಿನ ಕೆಳಗೆ. ಅದು ನೀರು ಕುಡಿದರೆ ಗಾಡಿ ಸ್ಟಾರ್ಟೇ ಆಗುವುದಿಲ್ಲ. ಛಾವಣಿಯನ್ನು ಅರ್ಧಕ್ಕೆ ನಿಲ್ಲಿಸಿ, ತೂತಿನ ಬಾಯಲ್ಲಿ ಕಾಣುವ ಕಸವನ್ನು ಕೈಯಿಂದ ತೆಗೆದು, ಒಂದು ತಂಬಿಗೆ ನೀರನ್ನು ಸಣ್ಣ ಧಾರೆಯಾಗಿ ಬಿಡಿ. ಕೆಳಗೆ ಅಷ್ಟೇ ವೇಗದಲ್ಲಿ ನೀರು ಬಂದರೆ ಸರಿ. ಮೇಲೆ ನಿಂತುಕೊಂಡರೆ ತಕ್ಷಣ ಸುರಿಯುವುದನ್ನು ನಿಲ್ಲಿಸಿ, ತುದಿ ಮೊಂಡಾದ ನೈಲಾನ್ ತಂತಿಯನ್ನು ಮೆಲ್ಲಗೆ ತೂರಿಸಿ ಬಿಡಿಸಿ. ಕಂಪ್ರೆಸರ್ ಗಾಳಿ ಹೊಡೆಸಬೇಡಿ: ಒಳಗಿನ ಪೈಪಿನ ಜೋಡಣೆ ಕಳಚಿದರೆ ಕಾಯಂ ಸೋರಿಕೆ. ಈ ಪರೀಕ್ಷೆಯನ್ನು ವಿಡಿಯೋ ಮಾಡಿಟ್ಟುಕೊಳ್ಳಿ. ಬಾಕ್ಸ್‌ಟರ್ ಬಗ್ಗೆ ತಿಳಿದವರಿಗೆ ಬಣ್ಣದ ಹೊಳಪಿಗಿಂತ ಈ ಒಂದು ವಿಡಿಯೋ ಹೆಚ್ಚು ಧೈರ್ಯ ಕೊಡುತ್ತದೆ.

ಮಾರುವ ಮುಂಚೆ ಎಷ್ಟು ಖರ್ಚು ಮಾಡಬೇಕು? ನಾನು ಹೇಳುವುದು: ಚಾಲನೆಗೆ ಬೇಕಾದದ್ದಕ್ಕೆ ಮಾಡಿ, ಅಲಂಕಾರಕ್ಕೆ ಬೇಡ. ಎಂಜಿನ್ ಆಯಿಲ್, ಫಿಲ್ಟರ್ ಬದಲಿಸಿ. ಬ್ರೇಕ್ ಆಯಿಲ್ ಎರಡು ವರ್ಷ ದಾಟಿದ್ದರೆ ಅದನ್ನೂ ಬದಲಿಸಿ, ವೀಲ್ ಅಲೈನ್‌ಮೆಂಟಿನ ಪ್ರಿಂಟ್ ತೆಗೆದಿಟ್ಟುಕೊಳ್ಳಿ. ಬಾನೆಟ್ಟಿನ ಕಲ್ಲೇಟಿನ ಚುಕ್ಕೆ ಮುಚ್ಚಲೆಂದು ಪೇಂಟ್ ಹೊಡೆಸುವುದು ಮಾತ್ರ ದೊಡ್ಡ ತಪ್ಪು. ಕಂಪನಿ ಪೇಂಟು ಸಾಮಾನ್ಯವಾಗಿ 100ರಿಂದ 150 ಮೈಕ್ರಾನ್ ದಪ್ಪ. ಇಂಥ ಗಾಡಿ ನೋಡಲು ಬರುವವರು ಅಳೆಯುವ ಮೀಟರ್ ತಂದೇ ತರುತ್ತಾರೆ. ಒಂದೇ ಪ್ಯಾನೆಲ್ 250 ತೋರಿಸಿದರೆ, ಅದು ಕಲ್ಲೇಟಿಗೆ ಹೊಡೆಸಿದ್ದೋ ಗುದ್ದಿಗೆ ಹೊಡೆಸಿದ್ದೋ ಅವರಿಗೆ ಹೇಗೆ ತಿಳಿಯಬೇಕು? ಹೆದ್ದಾರಿಯಲ್ಲಿ ಓಡಿದ ಗಾಡಿಗೆ ಮುಂದೆ ಚುಕ್ಕೆ ಇರುವುದೇ ಸಹಜ. ಬಂಪರ್ ಹಿಂದೊಮ್ಮೆ ಪೇಂಟ್ ಆಗಿದ್ದರೆ ಬಿಲ್ಲು ಸಮೇತ ಮೊದಲೇ ಹೇಳಿಬಿಡಿ.

ಗಾಡಿಯ ಹೊಟ್ಟೆಯನ್ನು ಮರೆಯಬೇಡಿ. ನವಲಗುಂದ, ಗದಗ ಕಡೆಯ ಎರೆ ಮಣ್ಣು ಒದ್ದೆಯಾದಾಗ ಅಂಟಿ, ಒಣಗಿದ ಮೇಲೆ ಸಿಮೆಂಟಿನಂತೆ ಕೂರುತ್ತದೆ. ಅದು ವೀಲ್ ಆರ್ಚಿನ ಒಳಗೆ, ರೇಡಿಯೇಟರಿನ ಮುಂದೆ ಸೇರಿಕೊಂಡು ತೇವ ಹಿಡಿದಿಡುತ್ತದೆ. ಲಿಫ್ಟಿಗೆ ಏರಿಸಿ, ತೊಳೆಸಿ, ಕೆಳಗಿನಿಂದ ಫೋಟೋ ತೆಗೆಯಿರಿ. ನಮ್ಮ ಊರಿನ ಹಂಪುಗಳಿಗೆ ತಗ್ಗು ಗಾಡಿಯ ಹೊಟ್ಟೆಯಡಿಯ ಪ್ಲಾಸ್ಟಿಕ್ ಟ್ರೇ ಉಜ್ಜದೇ ಇರುವುದಿಲ್ಲ. ಆ ಗೀರುಗಳೂ ಫೋಟೋದಲ್ಲಿ ಇರಲಿ.

ಟೈರಿನ ಮೇಲ್ಮೈಯ ಗೀರುಗಳ ಆಳ ನೋಡಿ ‘ಇನ್ನೂ ಶೇ 80 ಇದೆ’ ಎನ್ನುವುದು ಸಾಲದು. ಪಕ್ಕದ ಗೋಡೆಯ ಮೇಲೆ ಅಂಡಾಕಾರದ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2319 ಎಂದಿದ್ದರೆ 2019ರ 23ನೇ ವಾರದಲ್ಲಿ ತಯಾರಾದದ್ದು. ಕಡಿಮೆ ಓಡಿದ ಗಾಡಿಯಲ್ಲಿ ಟೈರು ಸವೆಯುವ ಮೊದಲೇ ಮುದಿಯಾಗುತ್ತದೆ, ರಬ್ಬರ್ ಗಟ್ಟಿಯಾಗಿ ಮಳೆಯಲ್ಲಿ ಹಿಡಿತ ಬಿಡುತ್ತದೆ. ಆರು ವರ್ಷ ದಾಟಿದ ನಾಲ್ಕೂ ಟೈರಿನ ಬೆಲೆಯನ್ನು ಕೊಳ್ಳುವವರು ಹೇಗೂ ಕಳೆಯುತ್ತಾರೆ. ನೀವೇ ಮೊದಲು ಲೆಕ್ಕ ಹಾಕಿ ಬೆಲೆ ಹೇಳಿದರೆ ಜಗ್ಗಾಟ ಕಡಿಮೆ.

ಹೊರಗಿನಿಂದ ತಂದು ಹಾಕಿಸಿದ ಸೈಲೆನ್ಸರ್, ಚಕ್ರ ಇದ್ದರೆ ತೆಗೆದು ಕಂಪನಿಯದನ್ನೇ ಮರಳಿ ಹಾಕಿಸಿ, ತೆಗೆದದ್ದನ್ನು ಬೇರೆಯಾಗಿ ಮಾರಿ. ಎರಡನೇ ಕೀಲಿ, ಸರ್ವಿಸ್ ಪುಸ್ತಕ, ಟೂಲ್ ಕಿಟ್ ಹುಡುಕಿಡಿ. ಲಾಕಿಂಗ್ ವೀಲ್ ನಟ್ಟಿನ ಅಡಾಪ್ಟರ್ ಎಂಬ ಬೆರಳುದ್ದದ ಸಾಮಾನೊಂದಿದೆ. ಅದು ಕಳೆದಿದ್ದರೆ ಪಂಕ್ಚರ್ ಆದ ದಿನ ಚಕ್ರವೇ ಬಿಚ್ಚುವುದಿಲ್ಲ. ಅದಿಲ್ಲದೆ ಗಾಡಿ ಕೊಡಬೇಡಿ.

ಮಾಡೆಲ್‌ಗೆ ತಕ್ಕ ಪ್ರಶ್ನೆಗಳಿಗೂ ಕಾಗದದ ಉತ್ತರ ತಯಾರಿರಲಿ. 2008ರವರೆಗಿನ ಬಾಕ್ಸ್‌ಟರ್, ಕೇಮನ್ ಆದರೆ ಎಂಜಿನ್ನಿನೊಳಗಿನ, ಒಡೆದರೆ ಎಂಜಿನ್ನನ್ನೇ ಹಾಳುಮಾಡಬಲ್ಲ ಇಂಟರ್‌ಮೀಡಿಯೇಟ್ ಶಾಫ್ಟ್ ಬೇರಿಂಗ್ ಬಗ್ಗೆ ಕೇಳಿಯೇ ಕೇಳುತ್ತಾರೆ. 2009ರಿಂದ ಬಂದ ಎಂಜಿನ್ನಿನಲ್ಲಿ ಆ ಬೇರಿಂಗೇ ಇಲ್ಲ. ಹಳೆಯದಾಗಿದ್ದರೆ ಕೊನೆಯ ಸರ್ವಿಸಿನಲ್ಲಿ ತೆಗೆದ ಆಯಿಲ್ ಫಿಲ್ಟರನ್ನು ಕತ್ತರಿಸಿ, ಒಳಗೆ ಲೋಹದ ಚೂರಿಲ್ಲ ಎಂದು ಕಾಣುವ ಫೋಟೋ ಇಟ್ಟುಕೊಳ್ಳಿ. ಬಿಎಂಡಬ್ಲ್ಯು ಝಡ್4 35ಐ ಆದರೆ ಹೈ ಪ್ರೆಶರ್ ಫ್ಯೂಯಲ್ ಪಂಪ್ ಬದಲಿಸಿದ ಬಿಲ್ಲು. 1.2 ಲೀಟರ್ ಎಂಜಿನ್ನಿನ ಪೋಲೊ ಜಿಟಿ ಟಿಎಸ್‌ಐ ಆದರೆ ಡಿಎಸ್‌ಜಿ ಎಂಬ ಏಳು ಗೇರಿನ ಡ್ರೈ ಕ್ಲಚ್ ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಚರಿತ್ರೆ.

ಬೆಲೆಯ ಮಾತಿಗೆ ಬಂದರೆ, ಇಂಥ ಗಾಡಿಯ ಗಿರಾಕಿ ಹುಬ್ಬಳ್ಳಿಯಲ್ಲೇ ಸಿಗುವುದು ಅಪರೂಪ. ಬೆಂಗಳೂರು, ಗೋವಾ, ಪುಣೆಯಿಂದ ಬರುತ್ತಾರೆ, ಬೆಂಗಳೂರಿನಿಂದಲೇ 400 ಕಿ.ಮೀ. ದಾರಿ. ಅಷ್ಟು ದೂರ ಬಂದವರಿಗೆ ಫೋನಿನಲ್ಲಿ ಹೇಳದ ಒಂದು ಗೀರು ಕಂಡರೂ ಉಳಿದ ಹತ್ತು ಮಾತಿನ ಮೇಲೂ ಅನುಮಾನ ಬರುತ್ತದೆ. ಕರ್ನಾಟಕದೊಳಗಿನ ಗಿರಾಕಿಗೆ ಆಜೀವ ತೆರಿಗೆ ಕಟ್ಟಿದ ಗಾಡಿ ಸಿಕ್ಕಂತೆ. 20 ಲಕ್ಷ ದಾಟಿದ ಗಾಡಿಗೆ ಇಲ್ಲಿ ಆ ತೆರಿಗೆ ಶೇ 18, ಮೇಲೆ ಸೆಸ್ ಬೇರೆ. ಹೊರ ರಾಜ್ಯದವರು ತಮ್ಮಲ್ಲಿ ಹೊಸದಾಗಿ ತೆರಿಗೆ ಕಟ್ಟಬೇಕು, ಆದ್ದರಿಂದಲೇ ಅವರು ಕಡಿಮೆ ಕೇಳುತ್ತಾರೆ. ಅಲ್ಲಿ ನೋಂದಣಿಯಾದ ಮೇಲೆ ಇಲ್ಲಿಯ ಉಳಿದ ಅವಧಿಯ ತೆರಿಗೆಯನ್ನು ಮರಳಿ ಕೇಳಲು ಅವಕಾಶವಿದೆ. ಆ ಹಣ ಯಾರಿಗೆ ಎಂಬುದನ್ನು ಕರಾರಿನಲ್ಲೇ ಬರೆದುಕೊಳ್ಳಿ. ಕಾಲವನ್ನೂ ನೋಡಿ. ಆಷಾಢದಲ್ಲಿ, ಪಿತೃಪಕ್ಷದಲ್ಲಿ ಗಾಡಿ ಮನೆಗೆ ತರುವವರು ಕಡಿಮೆ. ಡಿಸೆಂಬರ್ ದಾಟಿದರೆ ಅದೇ ಗಾಡಿ ಒಂದು ವರ್ಷ ಹಳೆಯದೆಂದು ಲೆಕ್ಕ. ಮಳೆ ನಿಂತು ದಸರಾ–ದೀಪಾವಳಿ ಬರುವ ಹೊತ್ತು ನನ್ನ ಪ್ರಕಾರ ಎಲ್ಲಕ್ಕಿಂತ ಚಲೋ.

‘ಫೈನಲ್ ಎಷ್ಟ್ರಿ ಸರ?’ ಎಂದು ಗಾಡಿ ನೋಡದೆ ಕೇಳುವವರಿಗೆ ನೋಡಿದ ಮೇಲೆ ಮಾತಾಡೋಣ ಎಂದಷ್ಟೇ ಹೇಳಿ.

ನೋಡಲು ಬರುವ ದಿನ ಎಂಜಿನ್ ತಣ್ಣಗಿರಲಿ. ಬಂದವರು ಎಂಜಿನ್ ಇರುವ ಕಡೆ ಕೈಯಿಟ್ಟು ನೋಡಿ, ತಾವೇ ಸ್ಟಾರ್ಟ್ ಮಾಡಲಿ. ಬಿಸಿ ಎಂಜಿನ್ ತನ್ನ ಸದ್ದು, ಹೊಗೆ ಎಲ್ಲವನ್ನೂ ಮುಚ್ಚಿಡಬಲ್ಲದು, ತಣ್ಣನೆಯದು ಮುಚ್ಚಿಡಲಾರದು. ಓಡಿಸಲು ಕೊಡುವ ಮುಂಚೆ ಲೈಸೆನ್ಸ್ ನೋಡಿ ಫೋಟೋ ತೆಗೆದುಕೊಳ್ಳಿ, ಪಕ್ಕದಲ್ಲಿ ನೀವೇ ಕೂತಿರಿ. ಮೊದಲು ಉಣಕಲ್ ಕಡೆಯ ಟ್ರಾಫಿಕ್ಕಿನಲ್ಲಿ ನಿಧಾನಕ್ಕೆ, ಆಮೇಲೆ ಗಬ್ಬೂರು ದಾಟಿ ಹೆದ್ದಾರಿಗೆ. ನೀರಿನ ಮುಳ್ಳು ಬೇಗನೆ 90 ಡಿಗ್ರಿಗೆ ಬಂದು ನಿಲ್ಲುತ್ತದೆ, ಆಯಿಲ್ ಬಿಸಿಯಾಗಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಆಯಿಲ್ 80 ಡಿಗ್ರಿ ಮುಟ್ಟುವವರೆಗೆ ಜೋರಾಗಿ ಆಕ್ಸಿಲರೇಟರ್ ಒತ್ತಬೇಡಿ ಎಂದು ಹೇಳಿ. ಆ ಮಾತಿಗೆ ಅವರು ಹೇಗೆ ನಡೆದುಕೊಳ್ಳುತ್ತಾರೆ ಎಂಬುದರಲ್ಲೇ ಗಾಡಿ ಎಂಥವರ ಕೈ ಸೇರುತ್ತದೆ ಎಂದು ಗೊತ್ತಾಗುತ್ತದೆ.

ಹಣ ಬ್ಯಾಂಕಿನ ಮೂಲಕವೇ ಬರಲಿ. ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಅದಕ್ಕೂ ಹೆಚ್ಚು ನಗದು ಪಡೆಯುವುದನ್ನು ಆದಾಯ ತೆರಿಗೆ ಕಾನೂನು ಒಪ್ಪುವುದಿಲ್ಲ. ದಂಡ ಪಡೆದಷ್ಟೇ ಮೊತ್ತ. ಆರ್‌ಟಿಜಿಎಸ್ ಸ್ಕ್ರೀನ್‌ಶಾಟ್ ನೋಡಿ ಕೀಲಿ ಕೊಡಬೇಡಿ. ನಿಮ್ಮ ಖಾತೆಯಲ್ಲಿ ಜಮೆ ಕಾಣಲಿ.

ಕಾಗದಪತ್ರದಲ್ಲಿ ಸಡಿಲ ಬಿಟ್ಟರೆ ಮಾತ್ರ ವರ್ಷಗಳ ನಂತರವೂ ತಲೆನೋವು. ಫಾರ್ಮ್ 29 ಮಾರುವವರು ಕೊಡುವ ತಿಳಿವಳಿಕೆ, ಫಾರ್ಮ್ 30 ವರ್ಗಾವಣೆಯ ಅರ್ಜಿ. ಸಾಲವಿದ್ದರೆ ಬ್ಯಾಂಕಿನ ಎನ್‌ಒಸಿ (ಆಕ್ಷೇಪವಿಲ್ಲವೆಂಬ ಪತ್ರ) ಮತ್ತು ಆರ್‌ಸಿಯಿಂದ ಸಾಲದ ನಮೂದು ತೆಗೆಸುವ ಫಾರ್ಮ್ 35. ಹೊರ ರಾಜ್ಯಕ್ಕೆ ಹೋಗುವುದಾದರೆ ಫಾರ್ಮ್ 28ರಲ್ಲಿ ಆರ್‌ಟಿಒ ಎನ್‌ಒಸಿ. ಅದಕ್ಕೆ ಮುಂಚೆ ಬಾಕಿ ಇ–ಚಲನ್ ಎಲ್ಲ ಕಟ್ಟಿ ಮುಗಿಸಿ. ರಾಜ್ಯದೊಳಗೆ ಮಾರಿದರೆ 14 ದಿನದಲ್ಲಿ, ಹೊರಗೆ ಮಾರಿದರೆ 45 ದಿನದಲ್ಲಿ ಮಾರಿದವರು ತಿಳಿಸಬೇಕೆಂದು ಮೋಟಾರು ವಾಹನ ಕಾಯ್ದೆಯ 50ನೇ ಕಲಮು ಹೇಳುತ್ತದೆ. ಕೆಎ–25 ಇರಲಿ, ಕೆಎ–63 ಇರಲಿ, ‘ಅವರೇ ಮಾಡ್ಸ್ಕೋತಾರ ಬಿಡ್ರಿ’ ಎಂದು ಖಾಲಿ ಫಾರ್ಮಿಗೆ ಸಹಿ ಹಾಕಿ ಕೊಡುವ ರೂಢಿ ನಮ್ಮಲ್ಲಿದೆ. ದಯವಿಟ್ಟು ಹಾಗೆ ಮಾಡಬೇಡಿ. ಅಪಘಾತದ ದಿನ ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರೇ ಮಾಲೀಕರು, ಗಾಡಿ ಆಗಲೇ ಒಬ್ಬರಿಂದೊಬ್ಬರಿಗೆ ಮಾರಿಹೋಗಿದ್ದರೂ ಪರಿಹಾರದ ಹೊಣೆ ಅವರದೇ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಹೇಳಿದೆ. ಡೀಲರಿಗೆ ಕೊಡುವುದಾದರೆ ಅವರಿಗೆ ಆರ್‌ಟಿಒ ಅಧಿಕೃತ ಪತ್ರವಿದೆಯೇ ಕೇಳಿ. 2023ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮದಂತೆ ಫಾರ್ಮ್ 29ಸಿ ಸಲ್ಲಿಸಿದರೆ ಗಾಡಿಯ ಹೊಣೆ ಅಧಿಕೃತ ಡೀಲರಿಗೆ ದಾಟುತ್ತದೆ.

ಕೀಲಿ ಕೈಬದಲಾಗುವಾಗ ಒಂದು ಡೆಲಿವರಿ ಪತ್ರ ಬರೆಯಿರಿ. ದಿನಾಂಕ, ಗಂಟೆ, ನಿಮಿಷ, ಓಡಿದ ಕಿಲೋಮೀಟರು, ಚಾಸಿ ನಂಬರು, ಎಂಜಿನ್ ನಂಬರು, ಇಬ್ಬರ ಸಹಿ. ಅಂದು ಸಂಜೆ ಟೋಲ್ ದಾಟಿ ಎಲ್ಲೋ ಸ್ಪೀಡ್ ಕ್ಯಾಮೆರಾಕ್ಕೆ ಸಿಕ್ಕರೆ ಆ ನಿಮಿಷವೇ ನಿಮ್ಮ ಸಾಕ್ಷಿ. ಫಾಸ್ಟ್ಯಾಗ್ ಅಂದೇ ಮುಚ್ಚಿಸಿ.

ಎರಡನೇ ಗಾಡಿಗೆ ಮುಂಚೆ ಮೊದಲನೆಯದು ಹೋಗಬೇಕು ಎಂದೆನಲ್ಲ, ಅದಕ್ಕೆ ವಿಮೆಯೂ ಒಂದು ಕಾರಣ. ನೋ ಕ್ಲೇಮ್ ಬೋನಸ್ ಸೇರುವುದು ನಿಮಗೆ, ಗಾಡಿಗಲ್ಲ. ಐದು ವರ್ಷ ಕ್ಲೇಮ್ ಮಾಡದಿದ್ದರೆ ಶೇ 50 ರಿಯಾಯಿತಿ. ಹೊಸ ಗಾಡಿಯ ಸ್ವಂತ ಹಾನಿಯ ಪ್ರೀಮಿಯಂ 80,000 ಇದ್ದರೆ 40,000 ಉಳಿಯಿತು. ಆದರೆ ಹಳೆಯ ಗಾಡಿ ಅದೇ ಬೋನಸ್‌ನೊಂದಿಗೆ ನಿಮ್ಮ ಹೆಸರಲ್ಲೇ ಇರುವಾಗ ಹೊಸದಕ್ಕೆ ಅದನ್ನು ಹಾಕಿಸಲಾಗದು. ಮಾರಿದ ದಾಖಲೆ ಕೊಟ್ಟು ವಿಮಾ ಕಂಪನಿಯಿಂದ ಬೋನಸ್ ಉಳಿಸಿದ ಪತ್ರ ತೆಗೆದುಕೊಳ್ಳಿ. ಅದು ಮೂರು ವರ್ಷ ನಡೆಯುತ್ತದೆ, ಅಂದರೆ ಬೇಕಾದ ಬಣ್ಣ, ಬೇಕಾದ ಗೇರ್‌ಬಾಕ್ಸಿನ ಗಾಡಿ ಸಿಗುವವರೆಗೆ ಅವಸರವಿಲ್ಲದೆ ಹುಡುಕಬಹುದು. ಅಷ್ಟರೊಳಗೆ ಖಾಲಿಯಾದ ಶೆಡ್ಡಿನ ನೆಲಕ್ಕೆ ಕಾಂಕ್ರೀಟು ಹಾಕಿಸಿ, ಗೋಡೆಗೆ ಬ್ಯಾಟರಿ ಚಾರ್ಜರಿಗೆಂದು ಒಂದು ಪ್ಲಗ್ ಪಾಯಿಂಟ್ ಕೊಡಿಸಿಕೊಳ್ಳಿ.